ಗಲ್ಲಾ ದಾಟಿ ಹೋದ ಗಿರಾಕಿ

ಕೆ.ಆರ್. ಪೇಟೆಯ ನನ್ನ ಕಬ್ಬಿಣದ ಸಾಮಾನಿನ ಅಂಗಡಿಗೆ ಮರಗೆಲಸದ ಪುಟ್ಟಾಚಾರಿ ಇಪ್ಪತ್ತು ವರ್ಷದಿಂದ ಬರುತ್ತಿದ್ದ. ಮೊಳೆ ಕೊಳ್ಳುವುದಕ್ಕಿಂತ ಮನೆಯ ಗೋಳು ಹೇಳಿಕೊಳ್ಳುವುದೇ ಜಾಸ್ತಿ. ನಾನು ಕೇಳಿ, "ಓಗ್ಲಿ ಬುಡು ಆಚಾರಿ" ಅಂತ ಸಮಾಧಾನ ಮಾಡಿ ಕಳಿಸುತ್ತಿದ್ದೆ. ಈಗ ಅವನು ನನ್ನ ಗಲ್ಲಾ ದಾಟಿಕೊಂಡು ಸೀದಾ ಹಿಂದಿನ ಕೋಣೆಗೆ ಹೋಗುತ್ತಾನೆ. ಅಲ್ಲಿ ಜಯಮ್ಮ ಇದ್ದಾಳೆ. ಮೊದಲು ನನ್ನಲ್ಲೇ ಬಿಲ್ ಬರೆಯುತ್ತಿದ್ದವಳು ಈಗ ತರಬೇತಿ ಪಡೆದು, ಮನಸ್ಸು ಕುಗ್ಗಿದವರ ಮಾತು ಕೇಳುವ ಕೆಲಸ ಮಾಡುತ್ತಾಳೆ. ಕೋಣೆ ಕೊಟ್ಟವನೂ ನಾನೇ. ಹೊಟ್ಟೆ ಉರಿಯದೆ ಇರುತ್ತದೆಯೇ?

ಸೋಮವಾರ ಸೋಮವಾರ ಮೈಸೂರಿನ ಡಾಕ್ಟರಮ್ಮ ಫೋನಿನಲ್ಲೇ ಅವಳ ಕೆಲಸ ನೋಡಿ ತಿದ್ದುತ್ತಾರೆ. ಒಂದು ಸಲ ಜಯಮ್ಮ, "ಅಣ್ಣ, ಕಷ್ಟ ಹೇಳ್ಕಳೋರಂಗೆ ವಸಿ ಮಾತಾಡಿ. ನಾನು ಎಂಗೆ ಕೇಳ್ತೀನಿ ಅಂತ ಮೇಡಮ್ಮು ನೋಡ್ಬೇಕಂತೆ" ಅಂದಳು. ಸೋಲಿಸಿಬಿಡೋಣ ಅಂತಲೇ ಕೂತೆ.

"ಇಪ್ಪತ್ತು ವರ್ಸದ ಗಿರಾಕಿ ನನ್ನ ಬುಟ್ಟು ಬೇರೆ ಕಡೆ ಓಯ್ತಾವ್ನೆ" ಅಂತ ಶುರುಮಾಡಿದೆ. ಅವಳು ಸುಮ್ಮನೆ ನನ್ನನ್ನೇ ನೋಡಿದಳು. ಆ ಮೌನ ತಡೆಯಲಾಗದೆ ನಾನೇ ಹತ್ತು ನಿಮಿಷ ಮಾತಾಡಿದೆ. ಅವನು ಬಂದಾಗ ಟೀ ತರಿಸುತ್ತಿದ್ದೆ ಅನ್ನುವ ಹೊತ್ತಿಗೆ ಯಾಕೋ ಮಾತು ನಿಲ್ಲಿಸಿ ಟವೆಲಿನಿಂದ ಮುಖ ಒರೆಸಿಕೊಂಡೆ. ಜಯಮ್ಮ ಗಾಬರಿಯಾಗಿ, "ಓಗ್ಲಿ ಬುಡಿ ಅಣ್ಣ" ಅಂದುಬಿಟ್ಟಳು.

"ಅದೇ ತಪ್ಪು!" ಅಂದರು ಫೋನಿನಿಂದ ಡಾಕ್ಟರಮ್ಮ. "ಅಲ್ಲೀವರೆಗೂ ಚೆನ್ನಾಗಿ ಕೇಳಿದ್ರಿ. ಹೋಗ್ಲಿ ಬಿಡಿ ಅಂದ್ರೆ ಬಾಯಿ ಮುಚ್ಚು ಅಂದ ಹಾಗೆ. ಎಲ್ಲಿ ಕಲಿತ್ರಿ ಇದನ್ನ?"

ಜಯಮ್ಮ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಹಾಗೆ ಬಾಯಿ ಬಿಡದೆ ಇರುವುದೊಂದನ್ನು ಮಾತ್ರ ಅವಳು ನನ್ನಲ್ಲಿ ಕಲಿತದ್ದಲ್ಲ.