ಹದಿನೇಳನೇ ಡಬ್ಬಿಯ ತೂಕ

ಬೆಳಗಿನ ಐದೂವರೆ. ಕಾರ್ಖಾನೆಯ ಅಂಗಳದಲ್ಲಿ ಒಂದೇ ದೀಪ ಉರಿಯುತ್ತಿದೆ. ಮಾದರಿ ಕೋಣೆಯ ಬೀಗ ತೆಗೆದ ಐವತ್ತನಾಲ್ಕರ ಹೆಂಗಸು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಫ್ಯಾನಿನ ಸ್ವಿಚ್ಚು ಮುಟ್ಟುವುದಿಲ್ಲ, ಕಿಟಕಿ ತೆರೆಯುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಕೂತು, ಖಾಲಿ ತಟ್ಟೆಯ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದನ್ನು ಕಾಯುತ್ತಾರೆ. ಏಳು ಗಂಟೆಗೆ ಪಕ್ಕದ ಶೆಡ್ಡಿನಲ್ಲಿ ಯಂತ್ರಗಳು ಶುರುವಾದರೆ ನೆಲ ಅದುರುತ್ತದೆ. ಆಮೇಲೆ ಮುಳ್ಳು ಇಡೀ ದಿನ ಒಂದು ಕಡೆ ನಿಲ್ಲುವುದಿಲ್ಲ. ಅದಕ್ಕೇ ಇಷ್ಟು ಬೇಗ ಬರುವುದು.

ಗೋಡೆಯ ಆ ಬದಿಗೆ ಒಂದು ಸಣ್ಣ ಕೋಣೆಯಿದೆ. ನೀರಿನ ತೊಟ್ಟಿ, ಹೀಟರು, ಮೆಲ್ಲಗೆ ತಿರುಗುವ ಫ್ಯಾನು. ಅಲ್ಲಿ ಹಗಲೂ ರಾತ್ರಿಯೂ ಒಂದೇ ಸೆಕೆ, ಒಂದೇ ತೇವ. ಗೋಡೆಗಳು ಬೆವರುತ್ತವೆ. ಕೆಲಸಗಾರರು ಅದಕ್ಕೆ ಬೆವರಿನ ಕೋಣೆ ಎನ್ನುತ್ತಾರೆ. ಅದರ ಕಪಾಟಿನಲ್ಲಿ ಇಪ್ಪತ್ತನಾಲ್ಕು ರಟ್ಟಿನ ಡಬ್ಬಿಗಳು ಇಪ್ಪತ್ತೊಂಬತ್ತು ದಿನಗಳಿಂದ ನಿಂತಿವೆ. ಪ್ರತಿಯೊಂದರ ಒಳಗೂ ತೇವ ಕಂಡರೆ ಸಾಕು ಎಳೆದುಕೊಳ್ಳುವ ಬಿಳಿ ಹರಳು ತುಂಬಿದೆ. ಡಬ್ಬಿಯ ತೂಕ ಎಷ್ಟು ಏರಿತೋ ಅಷ್ಟು ನೀರು ಒಳಗೆ ನುಸುಳಿದೆ ಎಂದು ಲೆಕ್ಕ. ಮೂವತ್ತು ದಿನಕ್ಕೆ ನಾಲ್ಕು ಗ್ರಾಂ ಮೀರಬಾರದು. ಒಂದೇ ಒಂದು ಡಬ್ಬಿ ಮೀರಿದರೂ ಪರೀಕ್ಷೆ ಫೇಲು. ಇವತ್ತು ಮೂವತ್ತನೇ ದಿನ.

ಕಾರ್ಖಾನೆಯಲ್ಲಿ ಈಕೆಯನ್ನು ಎಲ್ಲರೂ ಡಬ್ಬಿಯಮ್ಮ ಎಂದೇ ಕರೆಯುತ್ತಾರೆ. ಹಾಲಿನ ಪುಡಿ, ಉಪ್ಪು, ಸೋಪಿನ ಪುಡಿ, ಬೀಜ ಇಂಥ ಒಣ ಸಾಮಾನಿಗೆ ತೇವ ತಾಗದ ಕಾಗದದ ಡಬ್ಬಿ ರೂಪಿಸುವುದು ಅವರ ಕೆಲಸ. ಮೂವತ್ತೈದು ವರ್ಷದಲ್ಲಿ ಇನ್ನೂರ ಹನ್ನೆರಡು ಡಬ್ಬಿ ಮಾಡಿದ್ದಾರೆ. ಅಂಗಡಿಯವರೆಗೆ ಹೋದದ್ದು ಹನ್ನೊಂದು.

"ಉಳಿದಿದ್ದು ಇಲ್ಲೇ ಸತ್ತುಹೋದ್ವು," ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ, ಮೊದಲ ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸುತ್ತಾ. "ಹನ್ನೊಂದು ಕಮ್ಮಿ ಏನಲ್ಲ. ನನ್ನ ಗುರುಗಳದ್ದು ಆರೇ."

ಹತ್ತೊಂಬತ್ತನೇ ವಯಸ್ಸಿಗೆ ಲೇಬಲ್ ಅಂಟಿಸಲು ಬಂದವರು. ಓದಿದ್ದು ಹತ್ತನೇ ತರಗತಿ. ಡಬ್ಬಿಯ ವಿದ್ಯೆಯನ್ನು ಗುರುಗಳಿಗಿಂತ ಹೆಚ್ಚಾಗಿ ಕಲಿತದ್ದು ಬೇರೆಯವರ ಡಬ್ಬಿ ಬಿಚ್ಚಿ. ಮನೆಗೆ ಯಾವ ಹೊಸ ಪೊಟ್ಟಣ ಬಂದರೂ ಅಂಟು ಬಿಡಿಸಿ, ಅದನ್ನು ಮತ್ತೆ ಚಪ್ಪಟೆ ಹಾಳೆಯಾಗಿಸಿ, ಹಾಸಿಗೆಯ ಅಡಿ ಇಡುವ ಅಭ್ಯಾಸ ಇನ್ನೂ ಹೋಗಿಲ್ಲ. ಬಸ್ಸು ಓಡಿಸುವ ಗಂಡನಿಗೆ ಇದು ಮೂವತ್ತು ವರ್ಷದ ತಮಾಷೆ. "ನಮ್ಮ ಅಡುಗೆಮನೇಲಿ ಯಾವ ಪಾತ್ರೇಲಿ ಏನಿದೆ ಅಂತ ದೇವರಿಗೂ ಗೊತ್ತಿಲ್ಲ. ಡಬ್ಬಿ ಇವಳ ಹೊಟ್ಟೆಗೆ, ಪುಡಿ ಎಲ್ಲೋ. ಒಂದ್ಸಲ ಚಹಾಕ್ಕೆ ಬಟ್ಟೆ ಸೋಡಾ ಹಾಕ್ಕೊಂಡು ಕುಡಿದು ಡ್ಯೂಟಿಗೆ ಹೋದೆ ನೋಡಿ. ಆವತ್ತು ಪ್ರಯಾಣಿಕರು ಬದುಕಿದ್ದೇ ಹೆಚ್ಚು."

ಒಂದನೇ ಡಬ್ಬಿ ಏರಿರುವುದು ಎರಡು ಪಾಯಿಂಟ್ ನಾಲ್ಕು ಗ್ರಾಂ. ಎರಡನೆಯದು ಎರಡು ಪಾಯಿಂಟ್ ಆರು. ಪ್ರತಿ ಡಬ್ಬಿಯನ್ನೂ ಒರೆಸಿ, ಹೊರಮೈಯ ತೇವ ಹೋಗಲೆಂದು ಹತ್ತು ನಿಮಿಷ ಬಿಟ್ಟು, ಅಷ್ಟರಲ್ಲಿ ಮುಂದಿನ ನಾಲ್ಕೈದನ್ನು ಒರೆಸಿಟ್ಟು, ಎರಡು ಸಲ ತೂಗುತ್ತಾರೆ. ಗೀಟು ಹಾಕಿದ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದಲ್ಲ, ಪೆನ್ನಿನಿಂದ ಬರೆಯುತ್ತಾರೆ.

ಬಾಗಿಲಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ. ನೀಲಿ ಅಂಗಿ, ಐವತ್ತೆಂಟು ವಯಸ್ಸು. ಶೆಡ್ಡಿನಲ್ಲಿ ಡಬ್ಬಿ ಮಡಿಸುವ ಯಂತ್ರ ನಡೆಸುವವರು. ಡಬ್ಬಿಯಮ್ಮನ ಅಕ್ಕನ ಗಂಡ. ಅವರ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಒಳಗೆ ಬಂದು ಬಾಗಿಲ ಮೇಲಿನ ಚಿಲಕವನ್ನು ಎಡಗೈಯಿಂದ ಹಾಕುತ್ತಾರೆ.

"ಎಷ್ಟಾಯ್ತಮ್ಮಾ?"

"ಹತ್ತಾಗಿದೆ ಭಾವ. ಎಲ್ಲಾ ಎರಡೂವರೆ ಆಸುಪಾಸು."

"ಹದಿನೇಳು?"

"ಬರುತ್ತೆ ಇರಿ. ಸಾಲು ಬಿಟ್ಟು ತೂಗಲ್ಲ."

ಹದಿನೇಳನೇ ಡಬ್ಬಿಯ ಮೇಲೆ ಇಬ್ಬರಿಗೂ ಕಣ್ಣಿರುವುದಕ್ಕೆ ಕಾರಣವಿದೆ. ಉಳಿದವೆಲ್ಲ ಒಟ್ಟಿಗೆ ನಡೆಯುತ್ತಿರುವಾಗ ಅದೊಂದು ಮೊದಲ ವಾರದಿಂದಲೇ ಮುಂದೆ ಓಡುತ್ತಿದೆ. ನಿನ್ನೆ ಅದು ಮೂರು ಪಾಯಿಂಟ್ ಒಂಬತ್ತು.

ಈ ಪರೀಕ್ಷೆ ಏಕೆ ಇಷ್ಟು ದೊಡ್ಡದು ಎಂದು ತಿಳಿಯಲು ಒಂಬತ್ತು ವರ್ಷ ಹಿಂದೆ ಹೋಗಬೇಕು. ಆಗ ಡಬ್ಬಿಯಮ್ಮ ಹಾಲಿನ ಪುಡಿಗೆಂದು ಒಂದು ಡಬ್ಬಿ ಮಾಡಿದ್ದರು. ಎರಡು ಕಾಗದದ ನಡುವೆ ತೆಳು ಮೇಣ. ಮಾದರಿ ಡಬ್ಬಿಗಳನ್ನು ಇದೇ ಮೇಜಿನ ಮೇಲೆ, ಮೂಳೆಯ ಪಟ್ಟಿಯಿಂದ ಒಂದೊಂದೇ ಗೆರೆ ಒತ್ತಿ, ಕೈಯಿಂದ ಮಡಿಸಿದ್ದರು. ಮೂವತ್ತು ದಿನಕ್ಕೆ ಒಂದೂವರೆ ಗ್ರಾಂ ಕೂಡ ಏರಲಿಲ್ಲ. ಎಲ್ಲರೂ ಕೈಕುಲುಕಿದರು. ಡಬ್ಬಿ ಯಂತ್ರಕ್ಕೆ ಹೋಯಿತು. ಆರೇ ವಾರಕ್ಕೆ ಅಂಗಡಿಗಳಿಂದ ವಾಪಸು ಬರತೊಡಗಿತು. ಒಳಗೆ ಪುಡಿಯಿರಲಿಲ್ಲ, ಇಟ್ಟಿಗೆಯಿತ್ತು.

ಮಾದರಿ ಸರಿಯಿದೆ, ಆದ್ದರಿಂದ ತಪ್ಪು ಯಂತ್ರದ್ದು ಎಂದು ವಿಚಾರಣೆ ತೀರ್ಮಾನಿಸಿತು. ಯಂತ್ರದ್ದು ಎಂದರೆ ಅದನ್ನು ನಡೆಸುವವರದ್ದು. ಉರುಳೆಗಳನ್ನು ತಾನು ಅತಿಯಾಗಿ ಬಿಗಿ ಮಾಡಿಲ್ಲ ಎಂದು ಭಾವ ಹೇಳಿದರು. ಯಾರೂ ನಂಬಲಿಲ್ಲ. ನಾದಿನಿಯೂ ನಂಬಲಿಲ್ಲ. ಅವರನ್ನು ಲಾರಿಗೆ ಬಂಡಲು ಹೊರಿಸುವ ಅಂಗಳಕ್ಕೆ ಹಾಕಲಾಯಿತು.

"ನನ್ನ ಕೈಮೇಲೆ ನನಗೆ ಅಷ್ಟು ನಂಬಿಕೆ," ಎನ್ನುತ್ತಾರೆ ಡಬ್ಬಿಯಮ್ಮ. "ಇವರನ್ನ ಅಂಗಳಕ್ಕೆ ಹಾಕಿದ ಹದಿನಾರನೇ ದಿನ, ಗುರುವಾರ, ಸುಮ್ನೆ ಕೂತಿದ್ದೆ. ಒಂದು ಹಾಳೆ ತಗೊಂಡು ಸಿಟ್ಟಿಗೆ ಪಟ್ ಅಂತ ಮಡಿಸ್ದೆ. ಒಳಗೆ ಕೆಂಪು ಬಣ್ಣದ ಸ್ಪಿರಿಟ್ ಸುರಿದ್ರೆ ಮಡಿಕೆಯುದ್ದಕ್ಕೂ ಕೂದಲಿನಷ್ಟು ಕೆಂಪು ಗೆರೆ ಬಂತು. ನಿಧಾನವಾಗಿ ಮಡಿಸಿದ್ರೆ ಕೈ ಬಿಸಿಗೆ ಮೇಣ ಬಾಗುತ್ತೆ. ಜೋರಾಗಿ ಮಡಿಸಿದ್ರೆ ಬಿರಿಯುತ್ತೆ. ಯಂತ್ರ ನಿಮಿಷಕ್ಕೆ ತೊಂಬತ್ತು ಮಡಿಸುತ್ತೆ, ಅದಕ್ಕೆಲ್ಲಿ ಬಿಸಿ? ಡಬ್ಬಿ ಪಾಸಾಗಿರ್ಲಿಲ್ಲ. ನನ್ನ ಅಂಗೈ ಪಾಸಾಗಿತ್ತು ಅಷ್ಟೆ."

ಹನ್ನೆರಡನೇ ಡಬ್ಬಿ ಒರೆಸಿಯಾಗುತ್ತದೆ, ಹದಿಮೂರನೆಯದೂ. ಭಾವ ಕಿಟಕಿಯ ಗಾಜಿನಾಚೆ ನೋಡುತ್ತಾ ನಿಂತಿದ್ದಾರೆ. ಮುಂದಿನದು ಇಬ್ಬರಿಗೂ ಗೊತ್ತಿರುವ ವಿಷಯ. ಯಾರು ಹೇಳಬೇಕೆಂಬುದು ಮಾತ್ರ ಗೊತ್ತಿಲ್ಲ.

"ಗುರುವಾರ ಗೊತ್ತಾಯ್ತು," ಎಂದು ಕಡೆಗೆ ಆಕೆಯೇ ಹೇಳುತ್ತಾರೆ. "ಹೇಳಿದ್ದು ಸೋಮವಾರ. ನಾಲ್ಕು ದಿನ ಬಾಯಿ ಬಿಡ್ಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ. ಶನಿವಾರ ಲಾರಿ ಮೇಲಿಂದ ರಟ್ಟಿನ ಬಂಡಲು ಜಾರಿ ಇವರ ಭುಜದ ಮೇಲೆ ಬಿತ್ತು. ಅದನ್ನೂ ಬರ್ಕೊಳ್ಳಿ. ಬರೀ ಒಳ್ಳೇದು ಬರೆಯೋ ಹಾಗಿದ್ರೆ ಬೇಡ."

"ಬಂಡಲು ಶುಕ್ರವಾರಾನೂ ಬೀಳಬಹುದಿತ್ತು," ಎಂದು ಭಾವ ಕಿಟಕಿಯ ಕಡೆಗೇ ಹೇಳುತ್ತಾರೆ.

"ಬೀಳ್ಲಿಲ್ವಲ್ಲ."

ಸೋಮವಾರದ ನಂತರ ಭಾವನಿಗೆ ಯಂತ್ರ ವಾಪಸು ಸಿಕ್ಕಿತು. ಕೈ ಸಿಗಲಿಲ್ಲ. ಅಕ್ಕ ಎರಡು ವರ್ಷ ತಂಗಿಯ ಮನೆಗೆ ಕಾಲಿಡಲಿಲ್ಲ. ಈಗ ಬರುತ್ತಾರೆ, ಮಕ್ಕಳ ಬಗ್ಗೆ, ಮಂಡಿನೋವಿನ ಬಗ್ಗೆ, ನೆರೆಮನೆಯವರ ಜಗಳದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಕಾರ್ಖಾನೆಯ ಮಾತು ಬಂದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾರೆ. ಕ್ಷಮಿಸಿದ್ದೇನೆ ಎಂದಿಲ್ಲ, ಇಲ್ಲ ಎಂದೂ ಇಲ್ಲ.

ಡಬ್ಬಿಯ ತೊಂದರೆಗೆ ಆಗ ಸಿಕ್ಕ ಸುಲಭದ ದಾರಿ, ಒಳಗೊಂದು ಪ್ಲಾಸ್ಟಿಕ್ ಚೀಲ ಇಡುವುದು. ಇವತ್ತಿಗೂ ಅದೇ ನಡೆದಿದೆ. ಎರಡು ವರ್ಷದ ಹಿಂದೆ ಹಾಲಿನ ಪುಡಿಯ ಕಂಪನಿ ಒಂದು ನ್ಯಾಯವಾದ ಪ್ರಶ್ನೆ ಕೇಳಿತು: ಹೇಗೂ ಚೀಲ ಬೇಕೆಂದರೆ ಡಬ್ಬಿ ಏಕೆ? ಚೀಲವಿಲ್ಲದೆ ತೇವ ತಡೆಯುವ ಡಬ್ಬಿ ಇದ್ದರೆ ತೋರಿಸಿ, ಇಲ್ಲವಾದರೆ ನಾವು ಪೂರ್ತಿ ಪ್ಲಾಸ್ಟಿಕ್ಕಿಗೆ ಹೋಗುತ್ತೇವೆ. ಹೋದರೆ ಮಡಿಸುವ ಯಂತ್ರಕ್ಕೆ ಕೆಲಸವಿಲ್ಲ. ಅದನ್ನು ನಡೆಸುವವರಿಗೆ ಉಳಿಯುವುದು ಲಾರಿಯ ಅಂಗಳ. ಏಳದ ಕೈಯಲ್ಲಿ ಬಂಡಲು ಎತ್ತಲಾಗದು ಎಂದರೆ ಮನೆ.

ಡಬ್ಬಿಯಮ್ಮ ಎರಡು ವರ್ಷ ಕೂತು ಹೊಸ ಡಬ್ಬಿ ಮಾಡಿದ್ದಾರೆ. ಮೇಣಕ್ಕೆ ಮೆದುವಾದದ್ದೊಂದು ಬೆರೆಸಿದ್ದಾರೆ. ಮಡಿಕೆಗೆ ಒಂದು ಆಳದ ಗೆರೆಯ ಬದಲು ಅಕ್ಕಪಕ್ಕ ಎರಡು ಆಳವಿಲ್ಲದ ಗೆರೆ, ರಟ್ಟು ಮುರಿಯದೆ ಮೊಣಕೈಯಂತೆ ಬಾಗಲಿ ಎಂದು. ಕತ್ತರಿಸಿದ ಅಂಚು ನೀರು ಕುಡಿಯುತ್ತದೆಂದು ಅದನ್ನೂ ಒಳಕ್ಕೆ ಮಗುಚಿದ್ದಾರೆ. ತಿಂಗಳ ಹಿಂದೆ ಪರೀಕ್ಷೆಗೆ ಡಬ್ಬಿ ಇಡುವಾಗ ಮ್ಯಾನೇಜರು ಬಂದು, "ನೀವೇ ಕೂತು ಕೈಯಲ್ಲಿ ಮಡಿಸಿಬಿಡಿ, ನೀಟಾಗಿ ಬರುತ್ತೆ," ಎಂದರಂತೆ. ಆಕೆ ಹಾಳೆಗಳನ್ನು ಎತ್ತಿ ಭಾವನಿಗೆ ಕೊಟ್ಟರು. ಇಪ್ಪತ್ತನಾಲ್ಕನ್ನೂ ಭಾವನೇ ಯಂತ್ರದಲ್ಲಿ, ಪೂರ್ತಿ ವೇಗದಲ್ಲಿ, ಮಡಿಸಿ ಅಂಟಿಸಿದರು.

ಆರೂ ಇಪ್ಪತ್ತು. ಹದಿನೇಳನೇ ಡಬ್ಬಿ ತಟ್ಟೆಯ ಮೇಲೆ ಕೂರುತ್ತದೆ. ಮುಳ್ಳು ಆಚೀಚೆ ಓಲಾಡಿ ನಿಲ್ಲುತ್ತದೆ. ನಾಲ್ಕು ಪಾಯಿಂಟ್ ಒಂದು.

"ಒರೆಸಿದ್ದು ಸಾಲ್ದೇನೋ," ಎನ್ನುತ್ತಾರೆ ಭಾವ.

ಇನ್ನೊಮ್ಮೆ ಒರೆಸುತ್ತಾರೆ. ಇನ್ನೂ ಹತ್ತು ನಿಮಿಷ. ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ಹಾಕುವ ಸದ್ದು ಕೇಳುತ್ತದೆ. ಮತ್ತೆ ತೂಗಿದಾಗಲೂ ನಾಲ್ಕು ಪಾಯಿಂಟ್ ಒಂದು.

ಆಕೆ ಪೆನ್ನು ಎತ್ತಿ ಅದನ್ನೇ ಬರೆಯುತ್ತಾರೆ. ಆಮೇಲೆ ಉಳಿದ ಏಳನ್ನೂ ಸಾಲಾಗಿ ತೂಗಿ ಬರೆಯುತ್ತಾರೆ. ಎಲ್ಲವೂ ಮೂರರೊಳಗೆ. ಆಮೇಲೇ ಚಾಕು ತೆಗೆದು ಹದಿನೇಳನೆಯದರ ಮುಂಬದಿಯಲ್ಲಿ ಕಿಟಕಿಯಂತೆ ಕತ್ತರಿಸಿ, ಹರಳು ಸುರಿದು, ಕೆಂಪು ಸ್ಪಿರಿಟ್ ಹಾಕಿ ಒಂದೊಂದೇ ಬದಿಗೆ ವಾಲಿಸುತ್ತಾರೆ. ಮೊದಲ ಮಡಿಕೆ ಬಿಳಿ. ಎರಡನೆಯದು ಬಿಳಿ. ನಾಲ್ಕೂ ಬಿಳಿ. ತಲೆಕೆಳಗು ಮಾಡಿದಾಗ ಮೇಲ್ಮುಚ್ಚಳದ ಮೂಲೆಯಲ್ಲಿ, ಅಂಟು ಹಚ್ಚಿದ ಕಡೆ, ಉಗುರಿನಷ್ಟು ಕೆಂಪು ಮೂಡುತ್ತದೆ.

ಭಾವ ಬಗ್ಗಿ ನೋಡುತ್ತಾರೆ. ಎರಡನೇ ಸಲ ನೋಡುವುದಿಲ್ಲ.

"ಮಡಿಕೆ ಅಲ್ಲ ಇದು, ಅಂಟು. ಮೇಲಿನ ನಳಿಕೆ. ಗಂಟೆಗೊಂದ್ಸಲ ಅದರ ಮೂತಿ ಒರೆಸ್ಬೇಕು, ಅದಿರೋದು ಬಲಗಡೆ, ಎಡಗೈ ಎಟುಕಲ್ಲ, ಬಲಗೈ ಏಳಲ್ಲ, ಸ್ಟೂಲ್ ಹಾಕ್ಬೇಕು. ಆವತ್ತು ಸ್ಟೂಲ್ ತರೋಕೆ ಬೇಜಾರಾಗಿ ಬಿಟ್ಟೆ. ಇದು ನಂದು. ಬರಿ."

"ಭಾವ..."

"ಬರಿಯಮ್ಮಾ. ನಿನ್ನ ಡಬ್ಬಿ ಚೆನ್ನಾಗಿದೆ. ಅದನ್ನೂ ಬರಿ."

ಆತ ಯಂತ್ರ ಶುರು ಮಾಡಲು ಹೊರಟುಹೋಗುತ್ತಾರೆ. ಆಕೆ ಪುಸ್ತಕ ಮುಚ್ಚಿ ವರದಿಯ ಹಾಳೆ ಎಳೆದುಕೊಳ್ಳುತ್ತಾರೆ. "ನನಗೆ ನಾಲ್ಕು ದಿನ ಬೇಕಾಯ್ತು," ಎನ್ನುತ್ತಾರೆ. "ಇವರಿಗೆ ನಾಲ್ಕು ನಿಮಿಷಾನೂ ಬೇಕಾಗ್ಲಿಲ್ಲ ನೋಡಿ."

ಹಾಲಿನ ಪುಡಿಯ ಕಂಪನಿಗೆ ಹೋಗುವ ಆ ಹಾಳೆಯಲ್ಲಿ 'ಕಾರಣ' ಎಂದು ಒಂದು ಖಾನೆಯಿದೆ. ಅದರಲ್ಲಿ ಆಕೆ ಬರೆಯುವುದು ಮೂರು ಸಾಲು. ಮೇಲಿನ ನಳಿಕೆಯಿಂದ ಅಂಟು ಸರಿಯಾಗಿ ಬಿದ್ದಿಲ್ಲ. ನಳಿಕೆ ಎತ್ತರದಲ್ಲಿರುವುದರಿಂದ ಯಂತ್ರ ನಡೆಸುವವರ ಕೈ ಅದಕ್ಕೆ ಎಟುಕುವುದಿಲ್ಲ. ಕೈ ಎಟುಕದಿರಲು ಕಾರಣ, ಒಂಬತ್ತು ವರ್ಷದ ಹಿಂದೆ ಈ ವರದಿ ಬರೆಯುತ್ತಿರುವವಳು ತನ್ನ ತಪ್ಪನ್ನು ನಾಲ್ಕು ದಿನ ತಡವಾಗಿ ಹೇಳಿದ್ದು.

ಒಂಬತ್ತಕ್ಕೆ ಬಂದ ಮ್ಯಾನೇಜರು ಅದನ್ನು ನಿಂತೇ ಓದುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ಓದುತ್ತಾರೆ. "ಮೂರನೇ ಸಾಲು ಅವರಿಗೆ ಯಾಕಮ್ಮಾ?"

"ಕಾರಣ ಅಂತ ಕೇಳಿದಾರಲ್ಲ ಸಾರ್."

"ಇದನ್ನೆಲ್ಲಾ ಯಾರಾದ್ರೂ ಬರೀತಾರಾ?"

"ಎರಡನೇ ಸಾಲಿಗೇ ನಿಲ್ಲಿಸಿದ್ರೆ ತಪ್ಪು ಭಾವನ ಕೈದು ಅಂತಾಗುತ್ತೆ."

ಮ್ಯಾನೇಜರು ಹಾಳೆಯನ್ನು ಹಾಗೆಯೇ ಕಂಪನಿಗೆ ಕಳಿಸುತ್ತಾರೆ.

ಮಧ್ಯಾಹ್ನ ಎರಡಕ್ಕೆ ಉತ್ತರ ಬರುತ್ತದೆ. ಮೂರನೇ ಸಾಲಿನ ಬಗ್ಗೆ ಒಂದಕ್ಷರವಿಲ್ಲ. ಪರೀಕ್ಷೆ ಪಾಸಾಗಿಲ್ಲ. ಆದರೆ ಮಡಿಕೆಗಳು ತಡೆದಿವೆಯೆಂದು ಕಾಣುತ್ತದೆ, ಅಂಟಿನ ನಳಿಕೆ ಸರಿಪಡಿಸಿ ಹೊಸದಾಗಿ ಇಪ್ಪತ್ತನಾಲ್ಕು ಡಬ್ಬಿ ಇಡಿ, ಇನ್ನು ಮೂವತ್ತು ದಿನ ಕಾಯುತ್ತೇವೆ. ಮತ್ತೆ ಕೇಳಬೇಡಿ.

ಮೂರು ಗಂಟೆಗೆ ಶೆಡ್ಡಿನಲ್ಲಿ ಫಿಟ್ಟರು ನಳಿಕೆಯನ್ನು ಒಂದೂವರೆ ಅಡಿ ಕೆಳಕ್ಕೆ ಇಳಿಸುತ್ತಿದ್ದಾರೆ. ಒಂಬತ್ತು ವರ್ಷದಲ್ಲಿ ಯಾರಿಗೂ ಹೊಳೆಯದ ಕೆಲಸಕ್ಕೆ ಹಿಡಿದದ್ದು ನಲವತ್ತು ನಿಮಿಷ. ಭಾವ ಬಲಗೈಯಲ್ಲೇ ಬಟ್ಟೆ ಹಿಡಿದು ಮೂತಿ ಒರೆಸಿ ನೋಡುತ್ತಾರೆ. "ಇದನ್ನ ಮೊದ್ಲೇ ಮಾಡಿದ್ರೆ ನಾನು ಸ್ಟೂಲಿನ ಜೊತೆ ಸಂಸಾರ ಮಾಡೋದು ತಪ್ತಿತ್ತು," ಎಂದು ಫಿಟ್ಟರಿಗೆ ಹೇಳುತ್ತಾರೆ. ಯಂತ್ರ ಓಡುತ್ತದೆ. ಹೊಸ ಡಬ್ಬಿಗಳು ಬಂದು ಬೀಳುತ್ತವೆ. ಡಬ್ಬಿಯಮ್ಮ ಚೆಂದದವನ್ನು ಆರಿಸುವುದಿಲ್ಲ. ಬಂದ ಸಾಲಿನಲ್ಲೇ ಇಪ್ಪತ್ತನಾಲ್ಕನ್ನು ಎಣಿಸಿ ಎತ್ತಿಕೊಳ್ಳುತ್ತಾರೆ.

ಪಾಸಾಗುತ್ತದೆಯೇ ಎಂದು ಕೇಳಿದರೆ ಭುಜ ಕುಣಿಸುತ್ತಾರೆ. "ಅದು ತಕ್ಕಡಿ ಹೇಳ್ಬೇಕು. ನಾನು ಹೇಳೋದಲ್ಲ." ಆಸೆ ಏನಾದರೂ ಇದೆಯೇ ಎಂದರೆ, ಬೆವರಿನ ಕೋಣೆಯ ಬಾಗಿಲು ಹಾಕಿ, ಕತ್ತಿನ ಬೆವರು ಒರೆಸಿಕೊಂಡು, ತಕ್ಕಡಿಯ ಮುಂದಿನ ಕುರ್ಚಿಗೆ ಬಂದು ಕೂರುತ್ತಾರೆ.

"ಮೂವತ್ತನೇ ದಿನ ಅಕ್ಕನ್ನ ಕರ್ಕೊಂಡ್ ಬರ್ಬೇಕು ಅಂತಿದೀನಿ. ಬರ್ತಾಳೋ ಇಲ್ವೋ. ಬಂದ್ರೆ ಈ ಕುರ್ಚಿ ಮೇಲೆ ಕೂರಿಸ್ತೀನಿ. ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಅವಳೇ ನೋಡಿ ಹೇಳ್ಲಿ. ಎಷ್ಟೇ ಇರ್ಲಿ, ಅವಳು ಹೇಳಿದ್ದನ್ನ ನಾನು ಬರ್ಕೋತೀನಿ."