ಬಾಚಿಯ ಮುಂದಿಟ್ಟ ರವೆ ಉಂಡೆ

ಲೋವರ್ ಹಟ್ ಎಂಬ ಊರಿನಲ್ಲಿ ನರ್ಸ್ ಆಗಿದ್ದ ಕಾಮಾಕ್ಷಿ ನಿವೃತ್ತರಾದ ಮೇಲೆ ಗಂಡ ರಾಮಮೂರ್ತಿಯವರೊಂದಿಗೆ ಒಂದು ಸಣ್ಣ ದ್ವೀಪಕ್ಕೆ ಬಂದು ನೆಲೆಸಿದರು. ದ್ವೀಪದ ಮೂಲನಿವಾಸಿಗಳಾದ ಮಾವೋರಿ ಜನರ ಹಳೆಯ ವಸ್ತುಗಳಿಗೆಂದೇ ಅಲ್ಲಿ ಎರಡು ಕೋಣೆಯ ಮ್ಯೂಸಿಯಂ ಇದೆ. ಶನಿವಾರಗಳಲ್ಲಿ ಅದರ ಬಾಗಿಲು ತೆಗೆದು ಗಾಜು ಒರೆಸುವವರು ಕಾಮಾಕ್ಷಿ.

ಅವರಿಗೆ ಅಲ್ಲಿ ಪ್ರಿಯವಾದದ್ದು ದೋಣಿ ಕೆತ್ತುತ್ತಿದ್ದ ಒಂದು ಕಪ್ಪು ಕಲ್ಲಿನ ಬಾಚಿ. ಅದು ಮೆರೆಯಾನಾ ಎಂಬ ಮಾವೋರಿ ಹಿರಿಯಾಕೆಯ ಮನೆತನದ್ದು. ಯಾರು ಬೇಡಿದರೂ ಅದನ್ನು ಮ್ಯೂಸಿಯಮ್ಮಿಗೆ ಕೊಡದವರು, ತಮ್ಮ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ಬರುತ್ತಿದ್ದ ಕಾಮಾಕ್ಷಿಯ ಮಾತಿಗೆ ಒಪ್ಪಿದ್ದರು. "ನೀನು ನೋಡಿಕೊಳ್ಳೋದಾದರೆ ಒಂದು ವರ್ಷ ಇರಲಿ. ಆಮೇಲೆ ನೋಡೋಣ."

ಆ ವರ್ಷ ಮುಗಿಯುತ್ತ ಬಂದಾಗ ಆಯುಧಪೂಜೆ ಬಂತು. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದ ರಾಮಮೂರ್ತಿ, ಹೆಂಡತಿಯ ಕೈಯಲ್ಲಿನ ಡಬ್ಬಿ ನೋಡಿ ನಕ್ಕರು.

"ಏನೇ, ಅವರ ಬಾಚೀಗೂ ನೀನೇ ಪುರೋಹಿತಳಾ?"

"ಅದೂ ಆಯುಧಾನೇ ಅಲ್ವೇನ್ರಿ? ಪಾಪ, ಒಂದು ಹೂವೂ ಕಂಡಿಲ್ಲ."

ಮ್ಯೂಸಿಯಮ್ಮಿನೊಳಗೆ ತಿನ್ನಬಾರದೆಂಬ ನಿಯಮವಿತ್ತು. ಮಕ್ಕಳ ಕೈಯಿಂದ ಚಿಪ್ಸ್ ಕಿತ್ತಿಡುತ್ತಿದ್ದವರೂ ಕಾಮಾಕ್ಷಿಯೇ. ಇರುವೆ ಬರುತ್ತದೆಂದು ಆ ನಿಯಮ ಎಂದುಕೊಂಡಿದ್ದರು. ಕಲ್ಲಿಗೆ ಕಲೆಯಾದೀತೆಂದು ಕುಂಕುಮ ಹಚ್ಚಲಿಲ್ಲ. ಗಾಜಿನ ಪೆಟ್ಟಿಗೆ ತೆರೆದು ಹೂವಿಟ್ಟರು, ಒಂದು ರವೆ ಉಂಡೆಯನ್ನು ಬಾಚಿಗೆ ತಾಗುವಂತಿಟ್ಟು ಕೈಮುಗಿದರು.

ಹಿಂದೆ ಕೋಲಿನ ಸದ್ದಾಯಿತು. ಮೆರೆಯಾನಾ ನಿಂತಿದ್ದರು.

"ತಿಂಡಿಯಾ? ಅದರ ಪಕ್ಕದಲ್ಲಾ?"

"ನಾನು ತಿನ್ನಲಿಲ್ಲ. ಅದಕ್ಕೆ ಕೊಟ್ಟೆ. ನಾವು ದೇವರಿಗೆ ಕೊಡೋ ಹಾಗೆ."

"ಬೇಯಿಸಿದ್ದು ಸೋಕಿದರೆ ಅದರ ಪಾವಿತ್ರ್ಯ ಹೋಗುತ್ತೆ. ನಮ್ಮಜ್ಜ ಊಟದ ಮೇಜಿನ ಹತ್ತಿರಕ್ಕೂ ಅದನ್ನು ತರುತ್ತಿರಲಿಲ್ಲ." ಪೆಟ್ಟಿಗೆಯ ಹತ್ತಿರ ಬಂದು ಅಂದರು: "ಇಲ್ಲಿ ನೆಲ ಅಗೆದು ನಮ್ಮ ಹಿರಿಯರ ವಸ್ತುಗಳನ್ನು ಒಯ್ದವರು ನಮ್ಮನ್ನು ಕೇಳಲಿಲ್ಲ. ನೀನಾದರೂ ಕೇಳುತ್ತೀಯ ಅಂದುಕೊಂಡಿದ್ದೆ."

ಚಪ್ಪಲಿ ಮೆಟ್ಟಿ ದೇವರಮನೆ ಹೊಕ್ಕವರಂತೆ ಕಾಮಾಕ್ಷಿ ನಿಂತುಬಿಟ್ಟರು. ಕ್ಷಮಿಸಿ ಎಂದರು. ಮೆರೆಯಾನಾ ಬಾಚಿಯನ್ನು ಶಾಲಿನಲ್ಲಿ ಸುತ್ತಿಕೊಂಡು, ತಮ್ಮವರ ಪದ್ಧತಿಯಂತೆ ಬಾಗಿಲ ಬಳಿಯ ನಲ್ಲಿಯಲ್ಲಿ ಕೈಗೆ ನೀರು ಚಿಮುಕಿಸಿಕೊಂಡು ಹೊರಟುಹೋದರು.

ಮುಂದಿನ ವಾರ ಕಾಮಾಕ್ಷಿ ಪಟ್ಟಿ ಕಟ್ಟಲು ಹೋದಾಗ ಮೆರೆಯಾನಾ ಬಾಗಿಲಲ್ಲೇ ಹೇಳಿದರು, "ಕ್ಲಿನಿಕ್‌ನಿಂದ ಬೇರೆ ಹುಡುಗಿ ಬರ್ತಾಳೆ." ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಖಾಲಿ ಪೆಟ್ಟಿಗೆ ಈಗಲೂ ಅಲ್ಲೇ ಇದೆ. ಇಲ್ಲಿದ್ದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ, "ಮನೆಗೆ ಹೋಯಿತು" ಎನ್ನುತ್ತಾರೆ ಕಾಮಾಕ್ಷಿ. ಯಾಕೆ ಎಂದರೆ, ಬಟ್ಟೆ ಎತ್ತಿಕೊಂಡು, ಒರೆಸಿಯೇ ಇಟ್ಟ ಗಾಜನ್ನು ಮತ್ತೆ ಒರೆಸುತ್ತಾರೆ.