ಮಾಲೀಕನ ಸಾಕ್ಷಿ

ಗೋದಾಮಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮಾಲೀಕ ಎಂದು. ಗೌರವಕ್ಕೆ ಕೊಟ್ಟ ಹೆಸರಲ್ಲ, ಚುಡಾಯಿಸಲು ಇಟ್ಟದ್ದು. ಆದರೆ ಅವನಿಗೆ ಆ ಹೆಸರು ಹಿತವಾಗಿಯೇ ಕೇಳಿಸುತ್ತಿತ್ತು. ಪಾರ್ಸೆಲ್ ತುಂಬುವ ಹೊತ್ತಿನಲ್ಲಿ ಯಾರಾದರೂ "ಏನ್ ಮಾಲೀಕರೇ" ಎಂದರೆ, ನಗುವವರ ನಗೆ ನೋಡಿಯೂ ನೋಡದವನ ಹಾಗೆ, ತಲೆಯೆತ್ತಿ ಏನಪ್ಪಾ ಎನ್ನುತ್ತಿದ್ದ.

ಮೊದಲು ಅವನೂ ಸಂಬಳದ ಡ್ರೈವರೇ. ಒಂದು ಬೆಳಿಗ್ಗೆ ಕಂಪನಿಯ ದೊಡ್ಡ ಮ್ಯಾನೇಜರು ಬಂದು ಎಲ್ಲರನ್ನೂ ಗೋದಾಮಿನ ನಡುವೆ ಸೇರಿಸಿ, ಕೈಗೆ ಟೀ ಬಿಸ್ಕತ್ತು ಕೊಡಿಸಿ, ಇನ್ನು ಮೇಲೆ ನೀವು ಕೆಲಸಗಾರರಲ್ಲ, ನಮ್ಮ ಪಾಲುದಾರರು ಎಂದು ಮೂಗಿಗೆ ತುಪ್ಪ ಸವರಿದರು. ನಮ್ಮ ಹಳೇ ವ್ಯಾನುಗಳನ್ನೇ ಕಂತಿನಲ್ಲಿ ಕೊಳ್ಳಿ, ಕರಾರಿಗೆ ಸಹಿ ಹಾಕಿ, ಸ್ವಂತ ವ್ಯವಹಾರ ನಡೆಸಿ ಎಂದರು. ನಿವೃತ್ತಿಗೆ ಹತ್ತಿರವಾಗಿದ್ದ ಕೆಲವರು ಬೇಡ ಎಂದು ಸಂಬಳದಲ್ಲೇ ಉಳಿದರು. ಮಿಕ್ಕವರು ಸಹಿ ಹಾಕಿದರು. ಹೀಗೆ ಒಂದೇ ಗೋದಾಮಿನಲ್ಲಿ ಎರಡು ಜಾತಿಯಾಯಿತು, ಸಂಬಳದವರು ಮತ್ತು ಸ್ವಂತ ಗಾಡಿಯವರು.

ನೋಡಲು ಇಬ್ಬರೂ ಒಂದೇ. ಅದೇ ಬಣ್ಣದ ವ್ಯಾನು, ಕಂಪನಿಯ ಹೆಸರಿನ ಅದೇ ಅಂಗಿ, ಎಡಕ್ಕೆ ತಿರುಗು ಬಲಕ್ಕೆ ತಿರುಗು ಎಂದು ಅಪ್ಪಣೆ ಕೊಡಿಸುವ ಅದೇ ಫೋನು. ಆದರೆ ಅಂಗಿ ಒಬ್ಬನಿಗೆ ಬಿಟ್ಟಿ, ಇನ್ನೊಬ್ಬನಿಗೆ ದುಡ್ಡಿಗೆ. ದಾರಿಯಲ್ಲಿ ಗಾಡಿ ಕೆಟ್ಟರೆ ಸಂಬಳದವನು ಮೆಕ್ಯಾನಿಕ್ ಬರುವ ತನಕ ನೆರಳಲ್ಲಿ ಕೂತು ಟೀ ಕುಡಿಯುತ್ತಿದ್ದ. ಸ್ವಂತ ಗಾಡಿಯವನು ಗಾಡಿಯಡಿಗೆ ಅಂಗಾತ ಮಲಗಿ ಮೈಯೆಲ್ಲ ಎಣ್ಣೆ ಮಾಡಿಕೊಳ್ಳುತ್ತಿದ್ದ. ಜ್ವರ ಬಂದರೆ ಸಂಬಳದವನಿಗೆ ರಜೆ. ಸ್ವಂತ ಗಾಡಿಯವನು ತನ್ನ ಖರ್ಚಿನಲ್ಲಿ ಬದಲಿ ಡ್ರೈವರನ್ನು ಹುಡುಕಿ ಕಳಿಸಬೇಕು, ಇಲ್ಲದಿದ್ದರೆ ಅವನ ಲೈನು, ಅಂದರೆ ಅವನು ದಿನಾ ಸುತ್ತುವ ಬೀದಿಗಳು, ಬೇರೆಯವರ ಪಾಲು. ಮೂತ್ರಕ್ಕೆ ನಿಂತರೂ ಫೋನು ಕೇಳುತ್ತಿತ್ತು, ಗಾಡಿ ಯಾಕೆ ನಿಂತಿದೆ ಎಂದು. ಯಾವ ಮಾಲೀಕನನ್ನು ಯಾರು ಹಾಗೆ ಕೇಳುತ್ತಾರೋ ದೇವರೇ ಬಲ್ಲ.

ಇದೆಲ್ಲ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವನಿಗೊಬ್ಬ ಮಾವನಿದ್ದ. ಮಾವ ಬಡಗಿ. ಸ್ವಂತ ಶೆಡ್ಡು, ಸ್ವಂತ ಉಳಿ, ಇಡೀ ಆಯುಸ್ಸಿನಲ್ಲಿ ಒಂದು ದಿನವೂ ಇನ್ನೊಬ್ಬರ ಕೈಕೆಳಗೆ ದುಡಿದವನಲ್ಲ. ಆ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡವನು, ಅಂದರೆ ಇವನ ಷಡ್ಡಕ, ಟೈರ್ ಅಂಗಡಿ ಇಟ್ಟವನು. ಮನೆಯಲ್ಲಿ ನಾಲ್ಕು ಜನ ಕೂತಾಗ ಮಾತೆಲ್ಲ ಅಂಗಡಿಯ ಅಳಿಯನದು. ಡ್ರೈವರ್ ಅಳಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಹೂಂಗುಟ್ಟುತ್ತಿದ್ದ. ಯಾರೂ ಅವನನ್ನು ಹೀಗಳೆದವರಲ್ಲ. ಏನಾದರೂ ಸಾಮಾನು ತರಬೇಕಾದಾಗ ಮಾತ್ರ ಎಲ್ಲರ ಕಣ್ಣೂ ತಾವಾಗಿಯೇ ಅವನ ಕಡೆ ಹೊರಳುತ್ತಿದ್ದವು, ಅಷ್ಟೆ.

ವ್ಯಾನು ತನ್ನ ಹೆಸರಿಗಾದ ದಿನ ಅವನು ಅದನ್ನು ತಂದು ಮಾವನ ಬಾಗಿಲಿಗೇ ನಿಲ್ಲಿಸಿದ. ಮಾವ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕಾಲಿನಿಂದ ಮೆಲ್ಲಗೆ ಒದ್ದು, ಒಳಗೆ ಇಣುಕಿ, ಪಾರ್ಸೆಲ್ ಇಡಲು ಹಲಗೆಯ ಗೂಡುಗಳನ್ನು ತಾನೇ ಮಾಡಿಕೊಡುತ್ತೇನೆ ಎಂದ. ಮಾಡಿಯೂ ಕೊಟ್ಟ. ಅವತ್ತು ಷಡ್ಡಕ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅಂದಿನಿಂದ ಇವನ ಬಾಯಲ್ಲಿ ಕೆಲಸ ಎಂಬ ಮಾತೇ ಹೋಗಿ ಬಿಸಿನೆಸ್ ಬಂತು. ಹೆಂಡತಿ ಮಾತ್ರ ಯಾಕೋ ಆ ಮಾತನ್ನು ಒಂದು ಸಲವೂ ಆಡಲಿಲ್ಲ.

ಹೆಂಡತಿಗೆ ಆಪರೇಷನ್ ಆದ ದಿನದ ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಗರ್ಭಕೋಶ ತೆಗೆಯಬೇಕಿತ್ತು. ಎಂಟು ದಿನ ಮೊದಲಿನಿಂದಲೂ ಅವನು ಬದಲಿ ಡ್ರೈವರಿಗಾಗಿ ಹುಡುಕಿದ, ಯಾರೂ ಸಿಗಲಿಲ್ಲ. ಅವತ್ತು ಬೆಳಿಗ್ಗೆ ಗೋದಾಮಿನ ಸೂಪರ್‌ವೈಸರ್ ಮುಂದೆ ನಿಂತು ಒಂದೇ ಒಂದು ದಿನ ಬಿಡಿ ಎಂದು ಗೋಗರೆದ. ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವನಾದ ಸೂಪರ್‌ವೈಸರ್ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಗಾಡಿ ನಿಮ್ದು, ಬಿಸಿನೆಸ್ ನಿಮ್ದು. ನನ್ಹತ್ರ ರಜೆ ಕೇಳೋದೇನು? ಬದಲಿ ಕಳ್ಸಿ, ಎಲ್ಲಿಗಾದ್ರೂ ಹೋಗಿ. ಇಲ್ಲಾಂದ್ರೆ ನಾಳೆಯಿಂದ ಆ ಲೈನ್ ನಿಮ್ದಲ್ಲ" ಎಂದ. ಮಾಲೀಕನ ಕಣ್ಣಲ್ಲಿ ನೀರೇ ಬಂತು. ಸುತ್ತ ನಿಂತವರು ಬೇಕೆಂದೇ ಬೇರೆ ಕಡೆ ನೋಡಿದರು. ಅವನು ಗಾಡಿ ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಉದ್ದಣ್ಣ ಅವನನ್ನು ಹುಡುಕಿಕೊಂಡು ಬಂದ. ಉದ್ದಣ್ಣನೂ ಸ್ವಂತ ಗಾಡಿಯವನೇ, ಇಬ್ಬರೂ ಒಂದೇ ದಿನ ಸಹಿ ಹಾಕಿದವರು. ಎತ್ತರಕ್ಕೆ ಬಿದ್ದ ಹೆಸರು ಅದು; ಎಂಥ ಬಾಗಿಲಿಗೂ ತಲೆ ತಗ್ಗಿಸಿಯೇ ಹೋಗುತ್ತಿದ್ದ. ತನ್ನ ಪಾರ್ಸೆಲ್ಲುಗಳು ಇನ್ನೂ ಅರ್ಧ ಇರುವಾಗಲೇ ಬಂದು, ಮಾಲೀಕನ ಗಾಡಿಯಿಂದ ಒಂದು ರಾಶಿಯನ್ನು ತನ್ನದಕ್ಕೆ ತುಂಬಿಕೊಂಡು ಹೋದ. ಹಾಗಾಗಿ ಮಾಲೀಕ ಸಂಜೆಯಾದರೂ ಆಸ್ಪತ್ರೆ ಮುಟ್ಟಿದ. ಆಪರೇಷನ್ ಮುಗಿದಿತ್ತು. ವಾರ್ಡಿನಲ್ಲಿ ಹೆಂಡತಿಗೆ ಎಚ್ಚರವಾಗಿತ್ತು, ಮಂಚದ ಪಕ್ಕದಲ್ಲಿ ಮಾವ ಕೂತಿದ್ದ. ಪಾಲುದಾರರ ಮೀಟಿಂಗ್ ಇತ್ತು, ನಾನಿಲ್ಲದೆ ನಡೆಯುವ ಹಾಗಿರಲಿಲ್ಲ ಎಂದ ಇವನು. ಇರಲಿ ಬಿಡಿ ಎಂದ ಮಾವ. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅದಾಗಿ ಎರಡು ವರ್ಷಕ್ಕೆ ಉದ್ದಣ್ಣ ಬಿದ್ದ. ಲಿಫ್ಟು ನಿವಾಸಿಗಳಿಗೆ ಮಾತ್ರ ಎಂದು ಬೋರ್ಡು ಹಾಕಿದ್ದ ಕಟ್ಟಡದಲ್ಲಿ, ಅಲಮಾರಿಯ ಬಿಡಿಭಾಗಗಳ ಭಾರದ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಆಗಷ್ಟೇ ಒರೆಸಿದ್ದ ಮೆಟ್ಟಿಲು. ಪೆಟ್ಟಿಗೆಯ ಸಮೇತ ಕೆಳಕ್ಕೆ ಬಂದ. ಬೆನ್ನುಮೂಳೆ ಹೋಯಿತು, ಸೊಂಟದಿಂದ ಕೆಳಗೆ ಮೈ ಸತ್ತಿತು. ಕಂಪನಿ ಒಂದು ಹೂಗುಚ್ಛ ಕಳಿಸಿ, ಅವರು ನಮ್ಮ ಕೆಲಸಗಾರರಲ್ಲ, ಸ್ವತಂತ್ರ ವ್ಯವಹಾರಸ್ಥರು ಎಂದು ಕೈ ತೊಳೆದುಕೊಂಡಿತು. ಅದೇ ತಿಂಗಳು ಸಂಬಳದವನೊಬ್ಬನ ಕಾಲ ಮೇಲೆ ಪೆಟ್ಟಿಗೆ ಬಿದ್ದು ಹೆಬ್ಬೆರಳು ಮುರಿದಿತ್ತು. ಅವನಿಗೆ ಆಸ್ಪತ್ರೆಯ ಖರ್ಚೂ ಸಿಕ್ಕಿತು, ಮನೆಯಲ್ಲಿ ಕೂತು ಸಂಬಳವೂ ಸಿಕ್ಕಿತು. ಕಾಲ್ಬೆರಳಿಗಿದ್ದ ಬೆಲೆ ಬೆನ್ನುಮೂಳೆಗಿರಲಿಲ್ಲ.

ಉದ್ದಣ್ಣನ ಹೆಂಡತಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಅವಳ ವಕೀಲೆ ಹೇಳಿದ್ದು ಇಷ್ಟು: ಕರಾರಿನಲ್ಲಿ ಏನೇ ಬರೆದಿರಲಿ, ಈ ಡ್ರೈವರುಗಳು ನಿಜದಲ್ಲಿ ಕಂಪನಿಯ ಅಪ್ಪಣೆಯಲ್ಲೇ ದುಡಿಯುವ ಆಳುಗಳು ಎಂದು ತೋರಿಸಿದರೆ ಉದ್ದಣ್ಣನ ಚಿಕಿತ್ಸೆಯೂ ಜೀವನವೂ ಕಂಪನಿಯ ತಲೆಗೆ ಬರುತ್ತದೆ. ಇಲ್ಲದಿದ್ದರೆ ಏನೂ ಇಲ್ಲ. ಅದನ್ನು ಹೇಳಲು ಇನ್ನೊಬ್ಬ ಸ್ವಂತ ಗಾಡಿಯವನು ಬೇಕು. ಉದ್ದಣ್ಣನ ಹೆಂಡತಿ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋದಳು. ಲೈನು ಕೈತಪ್ಪುತ್ತದೆಂದು ಎಲ್ಲರೂ ಜಾರಿಕೊಂಡರು. ಕೊನೆಗೆ ಮಾಲೀಕನ ಮನೆಗೆ ಬಂದು, "ನಡೆದದ್ದು ನಡೆದ ಹಾಗೆ ಹೇಳಿ ಅಣ್ಣಾ, ಹೆಚ್ಚೇನೂ ಬೇಡ" ಎಂದಳು. ಅವನು ಒಪ್ಪಿದ. ಲೈನು ಹೋದರೆ ಹೋಗಲಿ ಎಂದೇ ಒಪ್ಪಿದ. ಅವನನ್ನು ಹೇಡಿ ಎನ್ನುವವರು ಇದನ್ನು ಮರೆಯಬಾರದು.

ವಕೀಲೆಯ ಕೋಣೆಯಲ್ಲಿ, ವೈದ್ಯರ ಮುಂದೆ ಹೇಳಿಕೊಳ್ಳುವ ಹಾಗೆ, ಎಲ್ಲವನ್ನೂ ಹೇಳಿದ. ಆಪರೇಷನ್ನಿನ ದಿನ ಗೋಗರೆದು ಅತ್ತದ್ದನ್ನೂ ಬಿಡಲಿಲ್ಲ. ಆಕೆ ಪೆನ್ನು ಕೆಳಗಿಟ್ಟು, ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದನ್ನು ಹೀಗೇ ಹೇಳಿಬಿಡಿ ಎಂದಳು. ತನ್ನ ಹೆಂಡತಿಯ ಆಪರೇಷನ್ನಿಗೆ ಹೋಗಲು ಅಪ್ಪಣೆ ಬೇಡಿ, ಅಪ್ಪಣೆ ಸಿಗದೆ ಅತ್ತವನನ್ನು ಯಾವ ನ್ಯಾಯಾಧೀಶರೂ ಮಾಲೀಕ ಎನ್ನುವುದಿಲ್ಲ ಎಂಬುದು ಅವಳ ಲೆಕ್ಕ. ಸರಿಯಾದ ಲೆಕ್ಕವೇ.

ಮನೆಯಲ್ಲಿ ಮಾತ್ರ ಅವನು ಹೇಳಿದ್ದು ಬೇರೆ. ಸ್ವಂತ ಗಾಡಿಯವರ ವ್ಯವಹಾರ ಹೇಗೆ ನಡೆಯುತ್ತದೆಂದು ಕೋರ್ಟಿಗೆ ತಿಳಿಯಬೇಕಂತೆ, ನನ್ನನ್ನೇ ಕರೆದಿದ್ದಾರೆ ಎಂದ. ಮಾತು ಮಾವನ ತನಕ ಹೋಯಿತು. ನಾನೂ ಬರುತ್ತೇನೆ ಎಂದ ಮಾವ. ಬೇಡ ಎನ್ನಲು ಇವನಿಗೆ ಯಾವ ನೆಪವೂ ಹೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ಹೆಂಡತಿಯೂ ತಯಾರಾಗಿ ನಿಂತಿದ್ದಳು.

ನ್ಯಾಯಾಲಯವೆಂದರೆ ಸಣ್ಣದೊಂದು ಕೋಣೆ. ನಾಲ್ಕು ಸಾಲು ಬೆಂಚು, ಕಿರುಗುಟ್ಟುವ ಫ್ಯಾನು. ನ್ಯಾಯಾಧೀಶರು ನೆಗಡಿ ಹಿಡಿದಿದ್ದ ಹಿರಿಯ ಹೆಂಗಸು, ಗಳಿಗೆಗೊಮ್ಮೆ ಕರವಸ್ತ್ರ ಹುಡುಕುತ್ತಿದ್ದರು. ಗಾಲಿಕುರ್ಚಿ ಬೆಂಚುಗಳ ನಡುವೆ ಹಿಡಿಸದೆ ಉದ್ದಣ್ಣ ಬಾಗಿಲ ಬಳಿಯೇ ಉಳಿದ. ಮಾವ ಮತ್ತು ಹೆಂಡತಿ ಎರಡನೇ ಸಾಲಿನಲ್ಲಿ, ಸಾಕ್ಷಿಯ ಕಣ್ಣಿಗೆ ನೇರವಾಗಿ ಕೂತರು.

ಮೊದಲು ಎಲ್ಲ ಸರಾಗವಾಗಿ ನಡೆಯಿತು. ಅಂಗಿ ಯಾರದು ಎಂದು ವಕೀಲೆ ಕೇಳಿದಳು, ಕಂಪನಿಯದು ಎಂದ. ದಾರಿ ಯಾರು ಹೇಳುತ್ತಾರೆ, ಫೋನು. ಹೊತ್ತು ಯಾರು ಗೊತ್ತುಮಾಡುತ್ತಾರೆ, ಸೂಪರ್‌ವೈಸರ್. ಒಂದೊಂದು ಉತ್ತರಕ್ಕೂ ತಾನು ಒಂದೊಂದು ಗೇಣು ಕುಳ್ಳಗಾಗುತ್ತಿದ್ದೇನೆ ಎನಿಸುತ್ತಿತ್ತು ಅವನಿಗೆ. ಮಾವ ಚೆನ್ನಾಗಿ ಕೇಳಿಸಲೆಂದು ಕಿವಿಗೆ ಅಂಗೈ ಒಡ್ಡಿ ಮುಂದಕ್ಕೆ ಬಗ್ಗಿದ್ದ. ಆಗ ವಕೀಲೆ, ನಿಮ್ಮ ಹೆಂಡತಿಯ ಆಪರೇಷನ್ ಆದ ದಿನ ನೀವು ಎಲ್ಲಿದ್ದಿರಿ ಎಂದು ಕೇಳಿದಳು.

ಲೈನಿನಲ್ಲಿದ್ದೆ ಎಂದ. ಮೀಟಿಂಗ್ ಎಂದು ಮಾವನಿಗೆ ಹೇಳಿದ್ದು ಮಾತು ಹೊರಬಿದ್ದ ಮೇಲೆಯೇ ಅವನಿಗೆ ನೆನಪಾಯಿತು.

"ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?"

ಬಾಗಿಲ ಬಳಿಯಿದ್ದ ಉದ್ದಣ್ಣನನ್ನು ನೋಡಬೇಕಾಗಿದ್ದವನು ಎರಡನೇ ಸಾಲನ್ನು ನೋಡಿದ.

"ನಾನೇ ಹೋಗ್ಲಿಲ್ಲ. ಯಾರೂ ತಡೀಲಿಲ್ಲ. ಗಾಡಿ ನಂದು, ಓಡಿಸೋದು ಬಿಡೋದು ನನ್ನಿಷ್ಟ."

ವಕೀಲೆ ಮತ್ತೊಂದು ಅವಕಾಶ ಕೊಟ್ಟಳು. ಬೆಳಿಗ್ಗೆ ಸೂಪರ್‌ವೈಸರನ್ನು ಏನಾದರೂ ಕೇಳಿಕೊಂಡಿರಾ, ನೆನಪು ಮಾಡಿಕೊಂಡು ಹೇಳಿ ಎಂದಳು.

"ನಾನ್ಯಾಕೆ ಅವನ್ನ ಕೇಳ್ಲಿ?" ಎಂದ ಮಾಲೀಕ.

ಕಂಪನಿಯ ವಕೀಲ ಎದ್ದು ಒಂದೇ ಪ್ರಶ್ನೆ ಹಾಕಿದ. ಹಾಗಾದರೆ ನೀವು ಯಾರ ಕೈಕೆಳಗೂ ಕೆಲಸ ಮಾಡುತ್ತಿಲ್ಲ, ಅಲ್ಲವೇ? ಹೌದು ಎಂದ. ಕಂಪನಿಯ ವಕೀಲ ಬಹಳ ಮರ್ಯಾದೆಯಿಂದ ಧನ್ಯವಾದ ಹೇಳಿದ. ನ್ಯಾಯಾಧೀಶರು ಮೂಗೊರೆಸಿಕೊಂಡು ಬರೆದುಕೊಂಡರು.

ಹೊರಗೆ ಮೊಗಸಾಲೆಯಲ್ಲಿ ಉದ್ದಣ್ಣನ ಹೆಂಡತಿ ಅವನ ಮುಖವನ್ನೂ ನೋಡದೆ ಕುರ್ಚಿ ತಳ್ಳಿಕೊಂಡು ಹೊರಟಳು. ಉದ್ದಣ್ಣ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದ. ಎಲ್ಲರನ್ನೂ ಮೇಲಿನಿಂದ ನೋಡುತ್ತಿದ್ದವನು ಈಗ ಕತ್ತೆತ್ತಿ ನೋಡಬೇಕಾಗಿತ್ತು.

"ಅವತ್ತು ನಿನ್ನ ಪಾರ್ಸೆಲ್ ತುಂಬ್ಕೊಂಡು ಹೋದವ್ನು ನಾನು ಕಣೋ."

ಅಷ್ಟೇ ಅಂದ. ಬೈದಿದ್ದರೂ ಚೆನ್ನಾಗಿತ್ತು.

ತೀರ್ಪು ಬಂದದ್ದು ಎಷ್ಟೋ ದಿನಗಳ ಮೇಲೆ. ಅರ್ಜಿದಾರರ ಕಡೆಯ ಸಾಕ್ಷಿಯೇ ಒಪ್ಪಿಕೊಂಡಿರುವಂತೆ ಇವರು ಸ್ವತಂತ್ರರು ಎಂದು ಬರೆದು ಅರ್ಜಿಯನ್ನು ವಜಾ ಮಾಡಿದರು. ಉದ್ದಣ್ಣನ ವ್ಯಾನು ಮಾರಾಟವಾಯಿತು, ಆಮೇಲೆ ಮನೆ. ಕಂಪನಿ ಮಾಲೀಕನ ಲೈನು ಕಿತ್ತುಕೊಳ್ಳಲಿಲ್ಲ, ಗೋದಾಮಿಗೆ ಹತ್ತಿರದ ಒಳ್ಳೆಯ ಲೈನನ್ನೇ ಕೊಟ್ಟಿತು. ಅದನ್ನು ಅವನು ಬೇಡ ಎನ್ನಲಿಲ್ಲ.

ಆದರೆ ಅವನಿಗೆ ಸಲ್ಲಬೇಕಾದದ್ದು ಸಾಕ್ಷಿಯ ದಿನವೇ, ಮನೆಗೆ ಹೋಗುವ ದಾರಿಯಲ್ಲೇ ಸಂದಿತ್ತು. ಮೂವರೂ ವ್ಯಾನಿನ ಮುಂದಿನ ಸೀಟಿನಲ್ಲಿದ್ದರು, ನಡುವೆ ಹೆಂಡತಿ. ಉದ್ದಣ್ಣನ ಮಾತು ಕಿವಿಯಲ್ಲಿ ಕೊರೆಯುತ್ತಿದ್ದರೂ, ಮಾವನ ಮುಂದೆ ಮಾನ ಉಳಿಯಿತಲ್ಲ ಎಂದು ಮನಸ್ಸಿನ ಮೂಲೆಯಲ್ಲೊಂದು ಸಮಾಧಾನವಿತ್ತು. ಅದನ್ನು ಮುಚ್ಚಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ. ದೊಡ್ಡ ರಸ್ತೆ ದಾಟಿದ ಮೇಲೆ ಮಾವ ಬಾಯಿಬಿಟ್ಟ.

"ಅಳಿಯಂದ್ರೇ, ಅವತ್ತು ಆಪರೇಷನ್ನಿಗೆ ಗಂಡನ ಸಹಿ ಬೇಕು ಅಂದ್ರು. ನಿಮ್ಮ ಫೋನ್ ಹತ್ತಲಿಲ್ಲ. ಗೋದಾಮಿಗೆ ಮಾಡಿದೆ. ಆ ಡ್ರೈವರಿಗೆ ರಜೆ ಕೊಟ್ಟಿಲ್ಲ, ಬೆಳಿಗ್ಗೆ ಬಂದು ಅತ್ತು ಹೋದ ಅಂದ ಅವನ್ಯಾರೋ. ಸಹಿ ನಾನೇ ಹಾಕಿದೆ."

ಮಾಲೀಕ ಗೇರು ಬದಲಿಸಲು ಹೋಗಿ ಮರೆತ. ಗಾಡಿ ನರಳಿತು. ಷಡ್ಡಕನಿಗೂ ಗೊತ್ತೇ ಎಂದು ಕೇಳಿದ. ಅಂಥ ಹೊತ್ತಿನಲ್ಲೂ ಅವನಿಗೆ ಮೊದಲು ಬಾಯಿಗೆ ಬಂದ ಪ್ರಶ್ನೆ ಅದು.

"ಅವತ್ತು ಆಸ್ಪತ್ರೇಲಿ ನನ್ನ ಪಕ್ಕದಲ್ಲೇ ಇದ್ರು. ನೀವು ಬರೋ ಮೊದ್ಲು ಎದ್ದು ಹೋದ್ರು, ನಿಮಗೆ ಮುಜುಗರ ಆಗುತ್ತೆ ಅಂತ" ಎಂದ ಮಾವ. ಅಳಿಯನ ಕಡೆ ತಿರುಗಿ, "ಕೂಲಿ ಮಾಡಿದ್ರೆ ತಪ್ಪೇನ್ರೀ? ಇಷ್ಟು ದಿನ ನಮ್ಮ ಹತ್ರ ಬಾಯಿಬಿಡ್ಲಿಲ್ಲ, ಇವತ್ತಾದ್ರೂ ಹೇಳಿ ಹಗುರಾಗ್ತೀರಿ ಅಂತ ಬಂದೆ" ಎಂದ.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ರಸ್ತೆ ನೋಡುತ್ತಿದ್ದಳು.

"ನಂಗೂ ಅವತ್ತೇ ಗೊತ್ತಿತ್ತು. ನಿಮ್ಮ ಮುಖ ನೋಡಿದ್ರೆ ಅಳು ಬಂದ್ಬಿಡುತ್ತೆ ಅಂತ ಗೋಡೆ ಕಡೆ ತಿರುಗ್ದೆ. ಮುಂದೆ ನೋಡ್ಕೊಂಡು ಓಡ್ಸಿ" ಎಂದಳು.

ಅವನು ಮುಂದೆ ನೋಡಿಕೊಂಡು ಓಡಿಸಿದ. ಅವನು ಅಷ್ಟು ಜತನದಿಂದ ಮುಚ್ಚಿಟ್ಟದ್ದು ಮಾವನಿಗೆ ಗೊತ್ತಿತ್ತು, ಷಡ್ಡಕನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿತ್ತು, ಗೋದಾಮಿನಲ್ಲಂತೂ ಗೊತ್ತಿಲ್ಲದವರೇ ಇರಲಿಲ್ಲ. ಗೊತ್ತಿಲ್ಲದೆ ಇದ್ದದ್ದು ಆ ಕೋಣೆಯಲ್ಲಿ ಮೂಗೊರೆಸಿಕೊಳ್ಳುತ್ತ ಕೂತಿದ್ದ ಆ ಹಿರಿಯ ಹೆಂಗಸಿಗೆ ಮಾತ್ರ. ಅವನು ಹೇಳಬೇಕಾಗಿದ್ದದ್ದೂ ಅವರೊಬ್ಬರಿಗೇ.